ಕತ್ತಿಗಿಂತ ಮೊದಲು ಸಂತೆ ಕಟ್ಟಿ

ಆನ್‌ಲೈನ್ ಗೇಮ್ ಆಡುತ್ತೇನೆ ಅಂದರೆ ನಮ್ಮ ಓಣಿಯಲ್ಲಿ ಮೊದಲು ಎದುರಾಗುವ ಪ್ರಶ್ನೆ "ಎಷ್ಟ್ ರೊಕ್ಕ ಹೋತವಾ?" ಎನ್ನುವುದು. ಕೇಳುವವರದು ತಪ್ಪಲ್ಲ. ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳು ಎಷ್ಟೋ ಮನೆಗಳ ಉಳಿತಾಯ ನುಂಗಿವೆ. ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದಾಗ ನನಗೂ ಸಮಾಧಾನವಾಯಿತು. ಆದರೆ ಅದೇ ಕಾನೂನು ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಬೇರೆ ಸಾಲಿನಲ್ಲಿಟ್ಟು, ಅವುಗಳಿಗೆ ಪ್ರೋತ್ಸಾಹ ಸಿಗಬೇಕು ಎಂದೂ ಹೇಳುತ್ತದೆ. ಪತ್ರಿಕೆಗಳಲ್ಲಿ ಮೊದಲ ಭಾಗದ ಚರ್ಚೆ ಬೇಕಾದಷ್ಟು ನಡೆಯಿತು. ಎರಡನೆಯದರ ಬಗ್ಗೆ, ಅಂದರೆ ಯಾವ ಆಟ ಬೆಳೆಯಬೇಕು ಎಂಬುದರ ಬಗ್ಗೆ, ನನಗೆ ಹೇಳುವುದಿದೆ.

ನಾನು ಹುಬ್ಬಳ್ಳಿಯ ಒಂದು ಹೋಲ್‌ಸೇಲ್ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಿಡುವಿನಲ್ಲಿ 'ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್' ಆಟದಲ್ಲಿ ಹಾಬಿಟ್ ಹೆಂಗಸೊಬ್ಬಳ ಪಾತ್ರ ಕಟ್ಟುತ್ತೇನೆ. ಟೋಲ್ಕಿನ್ ಕಾದಂಬರಿಗಳ ಲೋಕದಲ್ಲಿ ನಡೆಯುವ ಈ ಆಟ 2007ರ ಏಪ್ರಿಲ್‌ನಲ್ಲಿ ಶುರುವಾಯಿತು, ಇಂದಿಗೂ ನಡೆದಿದೆ. ಕತ್ತಿ ಹಿಡಿದು ಓರ್ಕ್‌ಗಳನ್ನು ಕೊಲ್ಲುತ್ತ ಹೋಗುವುದು ಅದರ ಹೆದ್ದಾರಿ. ನನ್ನವಳು ಆ ದಾರಿಯಲ್ಲಿ ಬಹಳ ದೂರ ಹೋದವಳಲ್ಲ. ಅವಳು ಉಳ್ಳಾಗಡ್ಡಿ, ಗಜ್ಜರಿ ಬೆಳೆಯುತ್ತಾಳೆ, ಅಡುಗೆ ಮಾಡುತ್ತಾಳೆ, ಅಂಗಿ ಹೊಲಿಯುತ್ತಾಳೆ, ಸಂಜೆ ಬ್ರೀ ಎಂಬ ಊರಿನ 'ಪ್ರಾನ್ಸಿಂಗ್ ಪೋನಿ' ಟ್ಯಾವರ್ನಿಗೆ ಹೋಗಿ ಮಾರುತ್ತಾಳೆ.

ಈ ಆಟದಲ್ಲಿ ಕಸುಬು ಹಂಚಿದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆ. ಒಂದು ವೃತ್ತಿ ಆರಿಸಿಕೊಂಡರೆ ಮೂರು ಕಸುಬು ಒಟ್ಟಿಗೆ ಬರುತ್ತವೆ, ಆದರೆ ಆ ಮೂರರಿಂದ ಯಾರ ಸಂಸಾರವೂ ಪೂರ್ತಿ ನಡೆಯುವುದಿಲ್ಲ. ನಾನು ಯೋಮನ್ ವೃತ್ತಿಯವಳು, ನನಗೆ ಬಂದದ್ದು ಒಕ್ಕಲುತನ, ಅಡುಗೆ, ದರ್ಜಿ ಕೆಲಸ. ದರ್ಜಿಗೆ ತೊಗಲು ಬೇಕು. ಹಸಿ ತೊಗಲನ್ನು ಹದ ಮಾಡುವುದು ಫಾರೆಸ್ಟರ್ ಕಸುಬು, ಅದು ನನಗೆ ಬರುವುದಿಲ್ಲ. ಟಿಂಕರ್ ವೃತ್ತಿಯವರಿಗೆ ಅಡುಗೆ ಬರುತ್ತದೆ, ಬೆಳೆ ತೆಗೆಯಲು ಬರುವುದಿಲ್ಲ. ಹಿಸ್ಟೋರಿಯನ್ ಆಯುಧ ಮಾಡಬಲ್ಲ, ಅದಿರು ಅಗೆಯಲಾರ. ಹೀಗೆ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಕೊರತೆ ಇಟ್ಟಿದ್ದಾರೆ. ಆಟ ಕಟ್ಟಿದವರು ಬೇಕೆಂದೇ ಇಟ್ಟ ಕೊರತೆ ಅದು. ಅದನ್ನು ತುಂಬಿಕೊಳ್ಳಲು ನಾವು ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುತ್ತೇವೆ, ಹೋದಲ್ಲಿ ಗುರುತಾಗುತ್ತದೆ.

ನನಗೆ ತೊಗಲು ತಂದುಕೊಡುವವನು ಒಬ್ಬ ಡ್ವಾರ್ಫ್ ಬೇಟೆಗಾರ. ನಾವು ಆಡುವುದು ರೋಲ್‌ಪ್ಲೇ ಸರ್ವರಿನಲ್ಲಿ, ಎಂದರೆ ಅಲ್ಲಿ ಮಾತು ಪಾತ್ರದ್ದೇ ಆಗಿರಬೇಕು, ಆಚೆಗಿನ ಸಂಗತಿ ಹೇಳುವುದಿದ್ದರೆ ಎರಡೆರಡು ಕಂಸದೊಳಗೆ ಬರೆಯುವುದು ವಾಡಿಕೆ. ಅವನು ಒಳಗೆ ಬರುತ್ತಾನೆ. ಬೂಟಿನ ಕೆಸರು ಒರೆಸಿ, ತೊಗಲಿನ ಗಂಟನ್ನು ಮೇಜಿನ ಮೇಲೆ ಇಳಿಸಿದ ಎಂದು ಟೈಪ್ ಮಾಡುತ್ತಾನೆ. ಒದ್ದೆ ಆಗಿಲ್ಲ ತಾನೆ ಎಂದು ನಾನು ಕೇಳುತ್ತೇನೆ. ಲೋನ್‌ಲ್ಯಾಂಡ್ಸ್ ದಾರಿಯಲ್ಲಿ ಮಳೆ ಹಿಡಿದದ್ದು, ತೋಳಗಳು ಹೆಚ್ಚಾದದ್ದು, ವಾರ್ಗ್ ಎಂಬ ತೋಳದಂಥ ಮೃಗವೊಂದು ಬೆನ್ನು ಹತ್ತಿದ್ದು, ಎಲ್ಲವೂ ಅವನ ದರದಲ್ಲಿ ಸೇರಿಕೊಂಡು ಬರುತ್ತವೆ. ನಾನು ನನ್ನ ಕಡುಬಿನ ಬುಟ್ಟಿ ಮುಂದಿಡುತ್ತೇನೆ. ಇಷ್ಟೆಲ್ಲ ಆದ ಮೇಲೆ ವ್ಯಾಪಾರದ ಕಿಟಕಿ ತೆರೆಯುತ್ತದೆ. ಅವನ ಸರಕು ಒಂದು ಕಡೆ, ನನ್ನದು ಒಂದು ಕಡೆ, ಇಬ್ಬರೂ ಒಪ್ಪಿಗೆಯ ಗುಂಡಿ ಒತ್ತುವವರೆಗೆ ಯಾವುದೂ ಕದಲುವುದಿಲ್ಲ. ಗುಂಡಿ ಒತ್ತುವ ಕೆಲಸ ಒಂದು ಕ್ಷಣದ್ದು, ಅದಕ್ಕೆ ಮುಂಚಿನ ಮಾತು ಅರ್ಧ ತಾಸಿನದು. ಆ ಅರ್ಧ ತಾಸಿಗಾಗಿಯೇ ನಾನು ಅಲ್ಲಿಗೆ ಹೋಗುವುದು.

ನಮ್ಮ ಅಂಗಡಿಗೆ ಗದಗಿನಿಂದ ಒಬ್ಬ ವ್ಯಾಪಾರಿ ಬರುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ನೋಡಿ ಆರ್ಡರ್ ಕೊಡಲು ಅವರಿಗೆ ಚೆನ್ನಾಗಿ ಬರುತ್ತದೆ, ಕೊಡುತ್ತಾರೆ ಕೂಡ. ಆದರೂ ಹಬ್ಬದ ಮುಂಚೆ ಬಸ್ ಹತ್ತಿ ಬಂದು, ಚಹಾ ಕುಡಿದು, ತಾನ್ ಬಿಚ್ಚಿಸಿ, ಅರಿವೆಯನ್ನು ಬೆರಳ ನಡುವೆ ತಿಕ್ಕಿ ನೋಡಿ, ಯಾರ ಮಗಳ ಮದುವೆ ಎಲ್ಲಿ ಗೊತ್ತಾಯಿತು ಎಂದು ಕೇಳಿಕೊಂಡು ಹೋಗುತ್ತಾರೆ. ಉದ್ರಿ ಕೊಡುವಾಗ ಮಾಲಕರು ನೆನೆಯುವುದು ಆ ಚಹಾದ ಹೊತ್ತನ್ನೇ. ಪೋನಿಯ ಬೆಂಕಿಗೂಡಿನ ಮುಂದೆ ನಡೆಯುವುದು ಇದೇ ಜಾತಿಯ ವ್ಯಾಪಾರ.

ಟ್ಯಾವರ್ನಿನಲ್ಲಿ ಹಾಡು ಇಲ್ಲದಿದ್ದರೆ ಹೇಗೆ? ಈ ಆಟದ ಸಂಗೀತದ ವ್ಯವಸ್ಥೆಗೆ ಸಾಟಿಯಾದದ್ದನ್ನು ನಾನು ಬೇರೆ ಆಟಗಳಲ್ಲಿ ಕಂಡಿಲ್ಲ. ಲ್ಯೂಟ್, ಹಾರ್ಪ್, ಕೊಳಲು, ಡೋಲು, ಇವನ್ನು ಮರಗೆಲಸ ಕಲಿತ ಆಟಗಾರರೇ ಮಾಡುತ್ತಾರೆ. ಸ್ವರಗಳನ್ನು ಎ, ಬಿ, ಸಿ ಅಕ್ಷರಗಳಲ್ಲಿ ಬರೆದ ಸಾದಾ ಟೆಕ್ಸ್ಟ್ ಫೈಲನ್ನು ಕಂಪ್ಯೂಟರಿನಲ್ಲಿರುವ ಆಟದ ಮ್ಯೂಸಿಕ್ ಫೋಲ್ಡರಿನಲ್ಲಿ ಇಟ್ಟುಕೊಂಡರೆ, ಪಾತ್ರ ತನ್ನ ವಾದ್ಯದಲ್ಲಿ ಅದನ್ನು ನುಡಿಸುತ್ತದೆ. ಮೇಳದವರು ತಮ್ಮ ತಮ್ಮ ಭಾಗ ಸಿದ್ಧ ಮಾಡಿಕೊಂಡು ಕಾಯುತ್ತ ನಿಲ್ಲುತ್ತಾರೆ, ಮುಂದಾಳು ಪ್ಲೇಸ್ಟಾರ್ಟ್ ಎಂಬ ಆಜ್ಞೆ ಕೊಟ್ಟ ಕೂಡಲೇ ಎಲ್ಲ ವಾದ್ಯಗಳೂ ಒಟ್ಟಿಗೆ ಎತ್ತಿಕೊಳ್ಳುತ್ತವೆ. ಹಾಡಿನ ಭಾಗಗಳನ್ನು ವಾದ್ಯಕ್ಕೆ ತಕ್ಕಂತೆ ಬಿಡಿಸಿ ಬರೆಯುವುದು ದಿನಗಟ್ಟಲೆ ಹಿಡಿಯುವ ಕೆಲಸ. ಅದನ್ನು ಯಾರೋ ಮಾಡುತ್ತಾರೆ, ಬಿಟ್ಟಿ ಹಂಚುತ್ತಾರೆ. 2009ರಲ್ಲಿ ಲ್ಯಾಂಡ್ರೋವಲ್ ಸರ್ವರಿನ ಆಟಗಾರರು ವೆದರ್‌ಟಾಪ್ ಗುಡ್ಡದ ಮೇಲೆ ವೆದರ್‌ಸ್ಟಾಕ್ ಎಂಬ ಸಂಗೀತ ಜಾತ್ರೆ ಶುರು ಮಾಡಿದರು. ಕಾದಂಬರಿಯಲ್ಲಿ ನಾಯಕ ಫ್ರೋಡೊ ಇರಿತಕ್ಕೆ ಒಳಗಾದ ಜಾಗ ಅದು. ಕಂಪನಿ ಹಾಕಿಕೊಟ್ಟ ಕಾರ್ಯಕ್ರಮವಲ್ಲ, ಆಟಗಾರರೇ ಸೇರಿ ಕಟ್ಟಿದ್ದು.

ಇಂಥ ಬದುಕು ಈ ಒಂದು ಆಟದಲ್ಲಿ ಮಾತ್ರ ಹುಟ್ಟಿದ್ದಲ್ಲ. 1997ರ ಸೆಪ್ಟೆಂಬರಿನಲ್ಲಿ ಬಂದ 'ಅಲ್ಟಿಮಾ ಆನ್‌ಲೈನ್'ನಲ್ಲಿ ಕಮ್ಮಾರಿಕೆಯ ತುದಿ ಮುಟ್ಟಿದವರು ತಾವು ಮಾಡಿದ ಉತ್ತಮ ಕತ್ತಿಯ ಮೇಲೆ ಹೆಸರು ಕೆತ್ತಬಹುದಿತ್ತು. ಬ್ರಿಟನ್ ಎಂಬ ಊರಿನ ಕುಲುಮೆಯ ಹತ್ತಿರ ಸಾಲಾಗಿ ನಿಂತು ಬಂದವರ ಕವಚ ರಿಪೇರಿ ಮಾಡುವುದೇ ಕೆಲವರ ದಿನಚರಿಯಾಗಿತ್ತು. 1999ರ 'ಎವರ್‌ಕ್ವೆಸ್ಟ್'ನಲ್ಲಿ ಸಂತೆಗೆಂದು ಜಾಗವೇ ಇರಲಿಲ್ಲ. ಈಸ್ಟ್ ಕಾಮನ್‌ಲ್ಯಾಂಡ್ಸ್‌ನಲ್ಲಿ ಮರುಭೂಮಿಯ ಕಡೆ ಹೋಗುವ ಒಂದು ಸುರಂಗದಲ್ಲಿ ಜನ ತಾವಾಗಿ ಕೂತು ಕೂಗಿ ಮಾರತೊಡಗಿದರು, ಹಲವು ಸರ್ವರ್‌ಗಳಲ್ಲಿ ಅದೇ ಪೇಟೆಯಾಯಿತು. ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 2001ರಲ್ಲಿ ಆ ಲೋಕದ ಉತ್ಪನ್ನವನ್ನು ಲೆಕ್ಕ ಹಾಕಿ, ತಲಾವಾರು ಅದು ರಷ್ಯಾ ಮತ್ತು ಬಲ್ಗೇರಿಯದ ನಡುವೆ ನಿಲ್ಲುತ್ತದೆ ಎಂದು ಬರೆದದ್ದು ಆಗ ದೊಡ್ಡ ಸುದ್ದಿಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿಯು ಬಜಾರ್ ಎಂಬ ವ್ಯವಸ್ಥಿತ ಮಾರುಕಟ್ಟೆ ತಂದಿತು. ಮಾರುವವರು ಪಾತ್ರವನ್ನು ಅಲ್ಲಿ ನಿಲ್ಲಿಸಿ, ಕಂಪ್ಯೂಟರ್ ಚಾಲೂ ಇಟ್ಟು, ಮಲಗಲು ಹೋಗತೊಡಗಿದರು. ಸುರಂಗ ಖಾಲಿಯಾಯಿತು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು 2003ರ 'ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್'. ಅದು ಮಾಯಾಮಂತ್ರದ ಲೋಕವಲ್ಲ, ಅಂತರಿಕ್ಷದ ಕಥೆ, ಆದರೆ ಟ್ಯಾವರ್ನಿನ ಗುಟ್ಟು ಹಿಡಿದವರು ಅವರೇ. ಅಲ್ಲಿ ಬಳಸುವ ಬಹುಪಾಲು ವಸ್ತು ಆಟಗಾರರೇ ತಯಾರಿಸಿದ್ದು, ಬಳಸಿದಂತೆ ಸವೆಯುತ್ತಿತ್ತು, ಹಾಗಾಗಿ ಕುಶಲಕರ್ಮಿಗೆ ಗಿರಾಕಿ ತಪ್ಪುತ್ತಿರಲಿಲ್ಲ. ಕಾದಾಡಿ ಬಂದವರ ಮನಸ್ಸಿನ ಗಾಯ ಮತ್ತು ದಣಿವು ಇಳಿಯಬೇಕಾದರೆ ಕ್ಯಾಂಟಿನಾ ಎಂಬ ಅಲ್ಲಿನ ಟ್ಯಾವರ್ನಿನಲ್ಲಿ ಕೂತು ನೃತ್ಯಗಾರರನ್ನು, ವಾದ್ಯಗಾರರನ್ನು ನೋಡಲೇಬೇಕಿತ್ತು. ಔಷಧಿ ಅಂಗಡಿಯಲ್ಲಿ ಸಿಗದ ಗುಣ ಅದು. ಬಿಲ್ಲುಬಾಣದ ಗೊಡವೆಯೇ ಬೇಡವಾದ ಒಬ್ಬಳು ನೃತ್ಯಗಾರ್ತಿ ಆ ಲೋಕಕ್ಕೆ ಸೈನಿಕನಷ್ಟೇ ಅಗತ್ಯದವಳಾದಳು. 2005ರ ನವೆಂಬರಿನಲ್ಲಿ, ಹೆಚ್ಚು ಜನರನ್ನು ಸೆಳೆಯುವ ಆಸೆಯಿಂದ, ಆ ಕಸುಬುಗಳ ಜಾಲವನ್ನು ಕಿತ್ತು ಆಟವನ್ನು ಸರಳ ಹೊಡೆದಾಟಕ್ಕೆ ಇಳಿಸಿದರು. ಹಳಬರು ಗುಂಪುಗುಂಪಾಗಿ ಬಿಟ್ಟುಹೋದರು. 2011ರ ಡಿಸೆಂಬರ್ 15ರಂದು ಸರ್ವರ್‌ಗಳು ಮುಚ್ಚಿದವು.

ನನ್ನ ಮಾತು ಇಷ್ಟೇ: ಒಬ್ಬರಿಗೊಬ್ಬರು ಬೇಕಾಗುವಂತೆ ಕಟ್ಟಿದ ಆಟ ಊರಾಗುತ್ತದೆ. ಆಕ್ಷನ್ ಹೌಸ್ ಎಂಬ ಹರಾಜುಕಟ್ಟೆಯಲ್ಲಿ ಹೆಸರಿಲ್ಲದವರು ಇಟ್ಟದ್ದನ್ನು ಹೆಸರಿಲ್ಲದವರು ಕೊಳ್ಳುವ ಆಟದಲ್ಲಿ ಸರಕು ಓಡಾಡುತ್ತದೆ, ಮನುಷ್ಯರು ಓಡಾಡುವುದಿಲ್ಲ. 'ಡಯಾಬ್ಲೊ 3' ತನ್ನ ಹರಾಜುಕಟ್ಟೆಯನ್ನು 2014ರ ಮಾರ್ಚ್ 18ರಂದು ತಾನೇ ಮುಚ್ಚಿತು. ಅದು ಆಟದ ತಿರುಳನ್ನೇ ಹಾಳು ಮಾಡಿತೆಂದು ಕಂಪನಿಯೇ ಒಪ್ಪಿಕೊಂಡಿತ್ತು.

ಇದಕ್ಕೆ ಗಟ್ಟಿಯಾದ ಎದುರು ಸಾಕ್ಷಿಯೂ ಇದೆ. 'ರೂನ್‌ಸ್ಕೇಪ್'ನಲ್ಲಿ ಮೊದಲು ಜನ ವಾರಾಕ್, ಫಾಲಡಾರ್ ಊರುಗಳಲ್ಲಿ ಗುಂಪು ಕೂಡಿ ಕೂಗಿ ಮಾರುತ್ತಿದ್ದರು, 2007ರಲ್ಲಿ ಗ್ರ್ಯಾಂಡ್ ಎಕ್ಸ್‌ಚೇಂಜ್ ಎಂಬ ವ್ಯವಸ್ಥಿತ ಮಾರುಕಟ್ಟೆ ಬಂದು ಆ ಕೂಗಾಟ ನಿಂತಿತು. 2013ರಲ್ಲಿ ಹಳೆಯ ಆವೃತ್ತಿಯನ್ನು 'ಓಲ್ಡ್ ಸ್ಕೂಲ್' ಹೆಸರಿನಲ್ಲಿ ಮತ್ತೆ ತೆರೆದಾಗ ಎಕ್ಸ್‌ಚೇಂಜ್ ಇರಲಿಲ್ಲ. ಸುಮಾರು ಎರಡು ವರ್ಷಕ್ಕೆ ಆಟಗಾರರೇ ಮತ ಹಾಕಿ ಅದನ್ನು ತರಿಸಿಕೊಂಡರು. ಅಲ್ಲಿ ಹೊಸದೇನೇ ಬರಬೇಕಾದರೂ ಶೇ 75ರಷ್ಟು ಮತ ಬೇಕಿತ್ತು. ಇದನ್ನು ಜನರ ಸೋಮಾರಿತನ ಎಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ. ದುಡಿದು ಬಂದು, ಮಕ್ಕಳನ್ನು ಮಲಗಿಸಿ, ಒಂದು ತಾಸು ಆಡಲು ಕೂತವರು ಬಾಣದ ಕಟ್ಟಿಗಾಗಿ ಆ ತಾಸನ್ನೆಲ್ಲ ಕೂಗಾಡುತ್ತ ಕಳೆಯಬೇಕೇ? ಅಪರಿಚಿತರೊಂದಿಗೆ ಚೌಕಾಸಿ ಮಾಡಲು ಹೆದರುವವರಿದ್ದಾರೆ, ದರ ಗೊತ್ತಿಲ್ಲದ ಹೊಸಬರನ್ನು ಸುಲಿಯುವವರೂ ಇದ್ದಾರೆ.

ಆದ್ದರಿಂದ ಗೆರೆ ಎಲ್ಲಿ ಎಳೆಯಬೇಕೆಂದರೆ: ಅದಿರು, ಕಟ್ಟಿಗೆ, ಕಾಳುಕಡಿ ಕಟ್ಟೆಯಲ್ಲಿ ಸಿಗಲಿ. ಕೈಯಿಂದ ಮಾಡಿದ್ದನ್ನು ಮಾತ್ರ ಮಾಡಿದವರ ಕೈಯಿಂದಲೇ ಕೊಳ್ಳುವಂತಿರಲಿ. 2004ರಿಂದ ಹರಾಜುಕಟ್ಟೆಯ ಮೇಲೇ ನಡೆದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಕೂಡ 2022ರ ನವೆಂಬರಿನ ಡ್ರ್ಯಾಗನ್‌ಫ್ಲೈಟ್ ಎಂಬ ವಿಸ್ತರಣೆಯಲ್ಲಿ, ಇಂಥ ಕುಶಲಕರ್ಮಿಯೇ ಮಾಡಿಕೊಡಲಿ ಎಂದು ಹೆಸರು ಹೇಳಿ ಕೂಲಿ ಕೊಟ್ಟು ಕೆಲಸ ಒಪ್ಪಿಸುವ ವ್ಯವಸ್ಥೆ ತಂದಿತು. ಅರ್ಧ ದಾರಿಯಾದರೂ ಹಿಂದೆ ಬಂದರಲ್ಲ ಎಂದು ನನಗೆ ಖುಷಿಯಾಯಿತು. ನಮ್ಮ ಬ್ರೀ ಊರಲ್ಲೂ ಹರಾಜುಕಟ್ಟೆ ಇದೆ. ನಮ್ಮ ಗುಂಪಿನವರು ಅಲ್ಲಿ ಅಂಗಿಯನ್ನಾಗಲಿ ಕಡುಬನ್ನಾಗಲಿ ಇಡುವುದಿಲ್ಲ, ಅದು ನಾವೇ ಹಾಕಿಕೊಂಡ ಕಟ್ಟಳೆ.

ಇಷ್ಟನ್ನೂ ಕನ್ನಡದಲ್ಲಿ ಬರೆಯಲು ಕಾರಣವಿದೆ. ರಾಜ್ಯ ಸರಕಾರ ಆ್ಯನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದು 2024-29ರ ಎವಿಜಿಸಿ-ಎಕ್ಸ್‌ಆರ್ ನೀತಿ ತಂದಿದೆ. ಇವತ್ತಲ್ಲ ನಾಳೆ ಬೆಂಗಳೂರಿನದೋ ಮೈಸೂರಿನದೋ ತಂಡವೊಂದು ವಿಜಯನಗರದ ಕಾಲದ ಮಾಯಾಲೋಕವನ್ನು ಕಟ್ಟಲು ಕೂರುತ್ತದೆ. ಕೂತವರು ಆನೆ, ಕೋಟೆ, ಕಾಳಗದಿಂದ ಶುರು ಮಾಡಬೇಡಿ. ಹಂಪಿಯಲ್ಲಿ ವಿರೂಪಾಕ್ಷ ಬಜಾರು, ಪಾನ್ ಸುಪಾರಿ ಬಜಾರುಗಳ ಕಲ್ಲುಸಾಲು ಇನ್ನೂ ನಿಂತಿದೆ, ಅಲ್ಲಿಂದ ಶುರು ಮಾಡಿ. ಒಂದು ಖಾನಾವಳಿ ಕಟ್ಟಿ, ಕೂರಲು ಕಟ್ಟೆ ಇಡಿ, ಕೂತವರಿಗೆ ದಣಿವು ಇಳಿಯುವಂತೆ ಮಾಡಿ. ಅಡುಗೆಯವಳಿಗೆ ಉಪ್ಪು ಇನ್ನೊಬ್ಬರಿಂದಲೇ ಸಿಗುವಂತೆ ಮಾಡಿ.

ಒಂದು ಎಚ್ಚರಿಕೆಯೂ ಬೇಕು. ನಮ್ಮ ನೆಲದಲ್ಲಿ ಕಸುಬು ಎಂದೊಡನೆ ಜಾತಿ ಅಂಟಿಕೊಂಡು ಬರುತ್ತದೆ. ಯಾರು ತೊಗಲು ಹದ ಮಾಡಬೇಕು, ಯಾರ ಮನೆಯ ಅಡುಗೆಯನ್ನು ಯಾರು ಉಣ್ಣಬೇಕು ಎಂಬುದನ್ನು ಹುಟ್ಟಿನಿಂದ ಗೊತ್ತು ಮಾಡಿದ ಸಮಾಜ ನಮ್ಮದು. ಹಳೆಯ ಕಾಲದ ಆಟ ಕಟ್ಟುತ್ತೇವೆಂದು ಆ ಕಟ್ಟನ್ನೇ ಕೋಡ್‌ನಲ್ಲಿ ಬರೆದರೆ ಅದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ. ಪೋನಿಯ ಮೇಜಿನಲ್ಲಿ ನನ್ನ ಡ್ವಾರ್ಫ್ ತೊಗಲಿನ ಗಂಟು ಬಿಚ್ಚುತ್ತಾನೆ, ಪಕ್ಕದಲ್ಲೇ ನನ್ನ ಕಡುಬಿನ ತಟ್ಟೆ ಇರುತ್ತದೆ, ಯಾರೂ ಸರಿದು ಕೂರುವುದಿಲ್ಲ. ನಮ್ಮ ಆಟದಲ್ಲೂ ಯಾವ ಪಾತ್ರವಾದರೂ ಯಾವ ಕಸುಬನ್ನಾದರೂ ಹಿಡಿಯುವಂತಿರಬೇಕು, ಖಾನಾವಳಿಯಲ್ಲಿ ಪಂಕ್ತಿ ಒಂದೇ ಆಗಿರಬೇಕು. ಬೇರೆ ಬೇರೆ ಕೊರತೆಯುಳ್ಳವರು ಸಮಾನರಾಗಿ ಎದುರು ಕೂತು ಚೌಕಾಸಿ ಮಾಡುವ ಅಭ್ಯಾಸ ನಮ್ಮ ಹುಡುಗ ಹುಡುಗಿಯರಿಗೆ ಆಟದಲ್ಲಾದರೂ ಸಿಗಲಿ.

ಇನ್ನೊಂದು, ಸರ್ವರ್ ಭಾರತದಲ್ಲೇ ಇರಲಿ. ಇಂಗ್ಲೆಂಡಿನಲ್ಲಿ ರಾತ್ರಿ ಎಂಟಾಗಿ ಟ್ಯಾವರ್ನ್ ತುಂಬುವ ಹೊತ್ತಿಗೆ ನಮ್ಮಲ್ಲಿ ಅವರ ಬೇಸಿಗೆಯಾದರೆ ಹನ್ನೆರಡೂವರೆ, ಚಳಿಗಾಲವಾದರೆ ಒಂದೂವರೆ. ಬೆಳಿಗ್ಗೆ ಅಂಗಡಿ ತೆರೆಯಬೇಕಾದವರು, ಕಾಲೇಜಿಗೆ ಹೋಗಬೇಕಾದವರು ಅಷ್ಟು ಹೊತ್ತಿನವರೆಗೆ ಎದ್ದಿರಬಾರದು. ನಮ್ಮ ಖಾನಾವಳಿ ಒಂಬತ್ತಕ್ಕೆ ತುಂಬಿ, ಹನ್ನೊಂದಕ್ಕೆ ಖಾಲಿಯಾಗಲಿ.