ಕಸುಬು ಕಲಿಸುವವರಿದ್ದಾರೆ, ಕೂಲಿ ಕಾಯುವವರು ಯಾರು?

ಪುಸ್ತಕದ ಮುಖಪುಟ ರಚಿಸುವ, ವೀಡಿಯೋ ಸಂಕಲಿಸುವ, ಚಿತ್ರ ಬಿಡಿಸುವ, ಭಾಷಾಂತರ ಮಾಡುವ ಯುವಕ-ಯುವತಿಯರು ತಮ್ಮ ಮನೆಯಲ್ಲೇ ಕುಳಿತು ದೂರದ ದೇಶಗಳ ಗಿರಾಕಿಗಳಿಗಾಗಿ ದುಡಿಯುವುದು ಇಂದು ನಮ್ಮ ಸಣ್ಣ ಪಟ್ಟಣಗಳಲ್ಲೂ ಅಪರೂಪವಲ್ಲ. ಇಲ್ಯಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ಜಾಲತಾಣಗಳು ಒಂದಾಗಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ತಾಳಿದವು. 2010ರಲ್ಲಿ ಫೈವರ್ ಬಂತು. ಇಂಥ ತಾಣಗಳಲ್ಲಿ ಹೆಸರು ನೋಂದಾಯಿಸಿ, ತಾನು ಮಾಡಿದ ಕೆಲಸದ ಮಾದರಿಗಳನ್ನು ತೋರಿಸಿ, ಗಿರಾಕಿಯನ್ನು ಹುಡುಕಿಕೊಳ್ಳುವವನನ್ನು ಫ್ರೀಲಾನ್ಸರ್ ಎನ್ನುತ್ತಾರೆ. ಆತನಿಗೆ ಮಾಲಿಕನಿಲ್ಲ, ಜೊತೆಗೆ ತಿಂಗಳ ಸಂಬಳವೂ ಇಲ್ಲ, ಭವಿಷ್ಯ ನಿಧಿಯೂ ಇಲ್ಲ.

ಈ ಕಸುಬುಗಳನ್ನು ಕಲಿಯುವ ಹಾದಿ ಹಿಂದೆಂದಿಗಿಂತಲೂ ಸುಗಮವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. 2005ರಲ್ಲಿ ಆರಂಭವಾದ ಯೂಟ್ಯೂಬ್‌ನಲ್ಲಿ ಸಾವಿರಾರು ಪಾಠಗಳು ಉಚಿತವಾಗಿ ದೊರೆಯುತ್ತವೆ. ಭಾರತ ಸರಕಾರವು 2017ರಲ್ಲಿ ‘ಸ್ವಯಂ’ ಎಂಬ ಕಲಿಕಾ ತಾಣವನ್ನು ತೆರೆಯಿತು. ಚಿತ್ರಕ್ಕೆ ಜಿಂಪ್ ಮತ್ತು ಇಂಕ್‌ಸ್ಕೇಪ್, ಅನಿಮೇಷನ್‌ಗೆ ಬ್ಲೆಂಡರ್‌ನಂಥ ತಂತ್ರಾಂಶಗಳಿಗೆ ಒಂದು ರೂಪಾಯಿಯನ್ನೂ ತೆರಬೇಕಾಗಿಲ್ಲ. ಕಾಲೇಜು ಶುಲ್ಕ ಭರಿಸಲಾಗದ ಕುಟುಂಬದ ಹುಡುಗನೂ, ಊರು ಬಿಟ್ಟು ಹೋಗಲಾಗದ ಹುಡುಗಿಯೂ ಕೈಕಸುಬೊಂದನ್ನು ಸಂಪಾದಿಸಬಹುದಾದ ಈ ಅವಕಾಶವನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ಆದರೆ ಈ ಪಾಠಗಳಲ್ಲಿ ಬಹುಪಾಲು ಬಣ್ಣ ಹೇಗೆ ತುಂಬಬೇಕು, ದೃಶ್ಯ ಹೇಗೆ ಕತ್ತರಿಸಬೇಕು ಎಂಬಲ್ಲಿಗೆ ಮುಗಿದುಹೋಗುತ್ತವೆ. ಕೆಲಸಕ್ಕೆ ಬೆಲೆ ಹೇಗೆ ಕಟ್ಟಬೇಕು, ಮುಂಗಡ ಎಷ್ಟು ಕೇಳಬೇಕು, ಹಣ ಕೊಡದ ಗಿರಾಕಿಯನ್ನು ಏನು ಮಾಡಬೇಕು ಎಂಬುದನ್ನು ಕಲಿಸುವವರು ವಿರಳ. ಈ ಅರೆಬರೆ ಕಲಿಕೆಯೊಂದಿಗೆ ನಮ್ಮ ಮಕ್ಕಳು ಜಗತ್ತಿನ ಸಂತೆಗೆ ಇಳಿಯುತ್ತಿದ್ದಾರೆ.

ಆ ಸಂತೆಯ ರೀತಿಯನ್ನು ಹೆತ್ತವರು ಅರಿತಿರಬೇಕು. ಫೈವರ್ ತಾಣವು ದುಡಿದವನ ಗಳಿಕೆಯಲ್ಲಿ ಶೇ. 20ರಷ್ಟನ್ನು ತನ್ನ ಪಾಲೆಂದು ಕಡಿದುಕೊಳ್ಳುತ್ತದೆ. ಅಪ್‌ವರ್ಕ್‌ನಲ್ಲಿ ಕಮಿಷನ್ ಅಲ್ಲದೆ, ಕೆಲಸಕ್ಕೆ ಅರ್ಜಿ ಹಾಕಲು ಬೇಕಾದ ‘ಕನೆಕ್ಟ್’ಗಳನ್ನೂ ಹಣ ಕೊಟ್ಟು ಕೊಳ್ಳಬೇಕಾಗುತ್ತದೆ. 2008ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಆರಂಭವಾದ 99ಡಿಸೈನ್ಸ್ ಹೆಸರು ಮಾಡಿದ್ದು ಸ್ಪರ್ಧೆಗಳ ಮೂಲಕ. ಅಲ್ಲಿ ಒಂದು ಲಾಂಛನಕ್ಕಾಗಿ ಹಲವರು ರಾತ್ರಿಯಿಡೀ ದುಡಿಯುತ್ತಾರೆ. ಗೆದ್ದವನ ಕೈಗೆ ಹಣ, ಉಳಿದವರ ಶ್ರಮ ನೀರಲ್ಲಿ ಮಾಡಿದ ಹೋಮ. ಹತ್ತು ಮಂದಿಯಿಂದ ಬಟ್ಟೆ ಹೊಲಿಸಿ ಒಬ್ಬನಿಗೆ ಮಾತ್ರ ಕೂಲಿ ಕೊಡುವ ಗಿರಾಕಿಯನ್ನು ನಮ್ಮ ಪೇಟೆಯ ಯಾವ ದರ್ಜಿಯಾದರೂ ಸಹಿಸಿಯಾನೇ?

ಇದು ಕಣ್ಣಿಗೆ ಕಾಣುವ ನಷ್ಟವಾಯಿತು. ಕಾಣದ ಬಲೆಗಳು ಬೇರೆಯೇ ಇವೆ. ಡಾಟಾ ಎಂಟ್ರಿ ಕೆಲಸವೆಂದು ನಂಬಿಸಿ ಠೇವಣಿ ಪಡೆಯುವವರು, ತಪ್ಪುಗಳಾಗಿವೆಯೆಂದು ವಕೀಲರ ಹೆಸರಿನ ನೋಟಿಸು ಕಳುಹಿಸಿ ದಂಡ ಕೇಳುವವರು, ಟೆಲಿಗ್ರಾಂನಲ್ಲಿ ಮೊದಲು ನಾಲ್ಕು ಕಾಸು ಕೊಟ್ಟು ಬಳಿಕ ದೊಡ್ಡ ಮೊತ್ತ ದೋಚುವವರು ಇದೇ ಸಂತೆಯಲ್ಲಿ ಅಂಗಡಿ ತೆರೆದಿದ್ದಾರೆ. ಕೆಲಸ ಕೊಡುತ್ತೇನೆಂದು ಹಣ ಕೇಳುವ ಅಪರಿಚಿತನಿಂದ ದೂರ ಸರಿಯಬೇಕೆಂಬುದು ಪ್ರತಿ ಮನೆಯ ನಿಯಮವಾಗಬೇಕು. ಮೋಸ ಹೋದವರು ಮರ್ಯಾದೆಗಂಜಿ ಬಾಯಿ ಮುಚ್ಚಿಕೊಳ್ಳದೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ನೀಡಬೇಕು.

ಕರಾವಳಿಯ ಕುಟುಂಬಗಳಿಗೆ ಇಂಥ ಅನುಭವ ಹೊಸತೇನಲ್ಲ. ಗಲ್ಫ್ ವೀಸಾದ ಹೆಸರಲ್ಲಿ ಏಜೆಂಟರಿಗೆ ಒಡವೆ ಮಾರಿದ ಹಣ ಸುರಿದು ಕೈಸುಟ್ಟುಕೊಂಡ ಮನೆಗಳೆಷ್ಟೋ. 1983ರ ವಲಸೆ ಕಾಯ್ದೆಯು ವಿದೇಶಕ್ಕೆ ಕಾರ್ಮಿಕರನ್ನು ಕಳುಹಿಸುವ ಏಜೆಂಟರಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿತು. ಮೋಸ ಅದರಿಂದ ಪೂರ್ತಿ ನಿಲ್ಲಲಿಲ್ಲವಾದರೂ, ಕೇಳಲು ಒಂದು ಬಾಗಿಲಾದರೂ ಸಿಕ್ಕಿತು. ಇಂದು ಮನುಷ್ಯ ಊರಲ್ಲೇ ಉಳಿದು ಆತನ ದುಡಿಮೆಯಷ್ಟೇ ಕಡಲು ದಾಟುತ್ತಿದೆ. ಆ ದುಡಿಮೆಯ ರಕ್ಷಣೆಗೆ ಬಾಗಿಲು ಎಲ್ಲಿದೆ?

ಇದು ಅಸಾಧ್ಯದ ಬೇಡಿಕೆಯೇನಲ್ಲ. ನ್ಯೂಯಾರ್ಕ್ ನಗರದಲ್ಲಿ 2017ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, 800 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ ಫ್ರೀಲಾನ್ಸರನಿಗೆ ಲಿಖಿತ ಕರಾರು ನೀಡಬೇಕು. ಪಾವತಿಯ ದಿನ ಗೊತ್ತುಪಡಿಸದಿದ್ದರೆ ಕೆಲಸ ಮುಗಿದ 30 ದಿನಗಳೊಳಗೆ ಹಣ ಸಲ್ಲಿಸಬೇಕು. ಕರ್ನಾಟಕವೂ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯ್ದೆ ಮಾಡಿತು. ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿಗಳಿಂದ ಪಡೆಯುವ ಏರ್ಪಾಡು ಅದರಲ್ಲಿದೆ. ವೃತ್ತಿಪರ ಸೇವೆ ಹಾಗೂ ಮಾಧ್ಯಮ ಸೇವೆಗಳೂ ಅದರ ಅನುಸೂಚಿಯಲ್ಲಿವೆ. ಆದರೆ ಗಿಗ್ ಕಾರ್ಮಿಕನೆಂದೊಡನೆ ನಮಗೆ ನೆನಪಾಗುವುದು ಬೈಕಿನಲ್ಲಿ ಊಟ ತಲುಪಿಸುವ ಯುವಕ ಮಾತ್ರ. ಆತನಿಗೆ ರಕ್ಷಣೆ ಬೇಕೇ ಬೇಕು. ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿದವರನ್ನೂ ಆ ಸಾಲಿಗೆ ಸೇರಿಸಿ ನೋಂದಾಯಿಸಬೇಕೆಂದು ನಾವು ರಾಜ್ಯ ಸರಕಾರವನ್ನು ಒತ್ತಾಯಿಸುತ್ತೇವೆ.

ಸರಕಾರದ ಕಡೆಗೆ ಬೆರಳು ತೋರಿಸಿ ಸುಮ್ಮನಿರುವ ಹಾಗೂ ಇಲ್ಲ, ಏಕೆಂದರೆ ಕಾಲ ಕಾಯುವುದಿಲ್ಲ. 1981ರಲ್ಲಿ ನೂರಿ ನಸ್ತಾಲೀಖ್ ಅಕ್ಷರ ವಿನ್ಯಾಸ ಬಂದ ಮೇಲೆ ಉರ್ದು ಪತ್ರಿಕೆಗಳು ಒಂದೊಂದಾಗಿ ಯಂತ್ರಕ್ಕೆ ಹೊರಳಿದವು. ತಲೆಮಾರುಗಳಿಂದ ಕೈಬರಹದಲ್ಲಿ ಪುಟ ತುಂಬಿಸುತ್ತಿದ್ದ ಕಾತಿಬರು ಕೆಲಸ ಕಳೆದುಕೊಂಡರು. ಈಗ, 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ, ಅಗ್ಗದ ಲಾಂಛನ ಮತ್ತು ಸಾಧಾರಣ ಬರವಣಿಗೆಯ ಕೆಲಸವನ್ನು ಯಂತ್ರವೇ ಕ್ಷಣದಲ್ಲಿ ಮುಗಿಸುತ್ತಿದೆ. ತಂತ್ರಾಂಶದ ಗುಂಡಿಗಳನ್ನು ಮಾತ್ರ ಬಲ್ಲವನಿಗೆ ಇನ್ನು ಉಳಿಗಾಲ ಕಷ್ಟ. ಭಾಷೆಯ ಮೇಲೆ ಹಿಡಿತ, ಗಿರಾಕಿಯ ಮನಸ್ಸನ್ನು ಅರಿಯುವ ಜಾಣ್ಮೆ, ಮಾತಿಗೆ ತಪ್ಪದ ಶಿಸ್ತು ಇವೇ ಆತನನ್ನು ಕಾಯಬಲ್ಲವು.

ನಮ್ಮ ಕುಟುಂಬಗಳೂ ತಮ್ಮ ದೃಷ್ಟಿಯನ್ನು ತಿದ್ದಿಕೊಳ್ಳಬೇಕಾಗಿದೆ. ಮಗ ರಾತ್ರಿ ಹೊತ್ತು ಕಂಪ್ಯೂಟರಿನ ಮುಂದೆ ಕುಳಿತರೆ ಪೋಲಿ ಎನ್ನುವುದು, ಮಗಳು ಮನೆಯಿಂದಲೇ ದುಡಿದರೆ ಅದನ್ನು ಹೊತ್ತು ಕಳೆಯುವ ಹವ್ಯಾಸವೆಂದು ಭಾವಿಸಿ ನಡುವೆ ಹತ್ತು ಬಾರಿ ಅಡುಗೆಮನೆಗೆ ಕರೆಯುವುದು ನ್ಯಾಯವಲ್ಲ. ಆಕೆಯ ಹೆಸರಲ್ಲೇ ಬ್ಯಾಂಕ್ ಖಾತೆ ಇರಲಿ, ಆಕೆಯ ಗಳಿಕೆಯ ಲೆಕ್ಕ ಆಕೆಯ ಕೈಯಲ್ಲೇ ಇರಲಿ. ಅದು ಕೆಲಸವೆಂದು ಮನೆಯವರೇ ಒಪ್ಪದಿದ್ದರೆ ಅಪರಿಚಿತ ಗಿರಾಕಿ ಏಕೆ ಒಪ್ಪಬೇಕು?

ಊರೂರಿನ ನಮ್ಮ ಸಂಘ-ಸಂಸ್ಥೆಗಳು ಪ್ರತಿಭಾ ಪುರಸ್ಕಾರಕ್ಕೆ, ಸಭೆ-ಸನ್ಮಾನಕ್ಕೆ ಖರ್ಚು ಮಾಡುವ ಹಣದಲ್ಲಿ ಸ್ವಲ್ಪವನ್ನು ಇತ್ತ ತಿರುಗಿಸಲಿ. ಒಂದು ಕೋಣೆ, ನಾಲ್ಕು ಕಂಪ್ಯೂಟರ್, ವಿದ್ಯುತ್ ಹೋದರೂ ನಿಲ್ಲದ ಇಂಟರ್‌ನೆಟ್ ಒದಗಿಸಿದರೆ ಬಡ ಮನೆಯ ಮಕ್ಕಳಿಗೆ ಅದೇ ಕಾರ್ಖಾನೆಯಾಗುತ್ತದೆ. ವಾರಕ್ಕೊಮ್ಮೆ ಅನುಭವಸ್ಥರೊಬ್ಬರು ಬಂದು ದರ ನಿಗದಿ ಮತ್ತು ಕರಾರು ಬರೆಯುವ ವಿಧಾನವನ್ನು ಹೇಳಿಕೊಡಲಿ. ನಮ್ಮ ವಕೀಲರು ಕನ್ನಡದಲ್ಲೊಂದು ಸರಳ ಕರಾರು ಪತ್ರದ ನಮೂನೆ ಸಿದ್ಧಪಡಿಸಿ ಉಚಿತವಾಗಿ ಹಂಚಲಿ. ವಂಚನೆಗೊಳಗಾದ ಹುಡುಗಿ ಒಂಟಿಯಾಗಿ ಅಳುವ ಬದಲು ಹೋಗಿ ಕೇಳಬಹುದಾದ ಒಂದು ಬಾಗಿಲು ಪ್ರತಿ ಊರಲ್ಲೂ ಇರಲಿ.

ಕಸುಬು ಕಲಿಯಲು ಇಂದು ಖರ್ಚಿಲ್ಲ. ಕಲಿತವರ ಕೂಲಿ ಕೈಸೇರುವಂತೆ ನೋಡಿಕೊಳ್ಳುವ ಹೊಣೆಯನ್ನು ಜಾಲತಾಣಗಳಿಗೇ ಬಿಟ್ಟು ಕೂರಲಾಗದು. ಅದನ್ನು ನಾವೇ ಹೊರಬೇಕು.