ಮಗುವಿನ ತೂಕದಲ್ಲೂ ಸೂಟು!



ತಕ್ಕಡಿ ಯಾರ ಕೈಲಿದೆಯೋ ಲಾಭ ಅವನದು ಅನ್ನೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಂಡಿಯಲ್ಲಿ ಸೂಟು ಅಂತ ಹೇಳಿ ನಮ್ಮ ಮೂಟೆಯಿಂದ ಕೆಜಿಗಟ್ಟಲೆ ಕಳೆದಿದ್ದನ್ನು ಕಂಡಿದ್ದೇವೆ. ಕಬ್ಬಿನ ಬೆಲೆಯನ್ನು ಸಕ್ಕರೆ ಇಳುವರಿಯ ಮೇಲೆ ಕಟ್ಟುತ್ತಾರೆ, ಆ ಇಳುವರಿ ಅಳೆಯುವವನು ಕಾರ್ಖಾನೆಯವನೇ. ಕೊಳ್ಳುವವನೇ ಅಳೆದರೆ ನ್ಯಾಯ ಎಲ್ಲಿಯದು ಅಂತ ಎಷ್ಟು ಸಲ ನಾವು ಕಾರ್ಖಾನೆ ಗೇಟಿನ ಮುಂದೆ ಕೂತಿಲ್ಲ? ಆದರೆ ನಮ್ಮೂರ ಅಂಗನವಾಡಿಯಲ್ಲಿ ಕೊಡುವ ಸರ್ಕಾರವೇ ಅಳೆದು, ತಾನೇ ಬರೆದುಕೊಂಡು, ತಾನೇ ಪಾಸು ಮಾಡಿಕೊಳ್ಳುತ್ತಿದೆಯಲ್ಲ, ಅದರ ಬಗ್ಗೆ ಒಬ್ಬರಾದರೂ ತುಟಿ ಬಿಚ್ಚಿದ್ದೇವೆಯೇ?

ಮೊಮ್ಮಗಳ ತಾಯಿ ಕಾರ್ಡ್ ನೋಡುವ ತನಕ ನಾನೂ ಬಿಚ್ಚಿರಲಿಲ್ಲ. ಆರು ತಿಂಗಳು, ತಿಂಗಳಿಗೆ ಸರಿಯಾಗಿ ಇನ್ನೂರು ಗ್ರಾಂ ಏರಿದೆ. ನಡುವೆ ಮಗು ವಾಂತಿಭೇದಿಯಾಗಿ ಸೊರಗಿ, ತಾಲ್ಲೂಕು ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬಂದಿತ್ತು. ಆ ತಿಂಗಳೂ ಇನ್ನೂರು ಗ್ರಾಂ! ಅಂಗನವಾಡಿ ಟೀಚರಮ್ಮನನ್ನು ಕೇಳಿದೆ. ಆಕೆ ಮುಚ್ಚುಮರೆ ಮಾಡಲಿಲ್ಲ. "ತೂಕದ ಮಿಷನ್ನು ರಿಪೇರಿಗೆ ಹೋಗಿ ಏಳು ತಿಂಗಳಾಯ್ತು ಕಣಣ್ಣ. ಖಾಲಿ ಬಿಟ್ಟರೆ ಮೇಲಿಂದ ಫೋನ್ ಬರುತ್ತೆ. ಏನಾದರೊಂದು ತುಂಬಿದರೆ ಯಾರೂ ಕೇಳಲ್ಲ" ಅಂದಳು.

ಆಕೆಯ ಮೇಲೆ ಹರಿಹಾಯಬೇಡಿ. ಆಕೆಗೆ ಕೊಡುವ ದುಡ್ಡಿಗೆ ಸಂಬಳ ಅನ್ನೋ ಹೆಸರೂ ಇಲ್ಲ, ಗೌರವಧನವಂತೆ. ಕೇಂದ್ರ ಸರ್ಕಾರ 2018ರಲ್ಲಿ ಅದನ್ನು 3,000ದಿಂದ 4,500 ರೂಪಾಯಿಗೆ ಏರಿಸಿತು, ಮಿಕ್ಕಿದ್ದು ರಾಜ್ಯದ ಪಾಲು. ಅಂಥವರಿಗೂ ಗ್ರಾಚ್ಯುಟಿ ಸಲ್ಲಬೇಕು ಅನ್ನಿಸಲು ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯ್ತು, ತೀರ್ಪು ಬಂದದ್ದು 2022ರಲ್ಲಿ. ಮಕ್ಕಳ ಕೆಲಸದ ಜೊತೆಗೆ ವೋಟರ್ ಪಟ್ಟಿ, ಆ ಸರ್ವೆ, ಈ ಸರ್ವೆ ಎಲ್ಲ ಆಕೆಯ ತಲೆಗೇ. ಸುಳ್ಳು ಆಕೆಯದಲ್ಲ, ಸುಳ್ಳನ್ನೇ ಬೇಡುವ ಲೆಕ್ಕದ್ದು.

ಈ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಲ್ಲಿಂದ ಐವತ್ತು ವರ್ಷ ಸಂದಿವೆ. ಇಷ್ಟಾದರೂ ಸರ್ಕಾರ ತನ್ನ ಸಾಧನೆ ಹೇಳುವಾಗ ಏನನ್ನು ಎಣಿಸುತ್ತೆ? ಎಷ್ಟು ಕೇಂದ್ರ, ಎಷ್ಟು ಪಾಕೆಟ್, ಎಷ್ಟು ಮೊಟ್ಟೆ, ಎಷ್ಟು ಹೆಸರು. ಬಿತ್ತನೆ ಬೀಜ ಹಂಚಿದ ಮೂಟೆ ಎಣಿಸಿ ಇಷ್ಟು ಬೆಳೆ ಬಂತು ಅಂದಹಾಗಾಯ್ತು! 2021ರಲ್ಲಿ ಪೋಷಣ್ ಟ್ರ್ಯಾಕರ್ ಅಂತ ಫೋನಿನೊಳಗಿನ ಲೆಕ್ಕ ತಂದರು. 2025ರಲ್ಲಿ ಪಾಕೆಟ್ ಒಯ್ಯಲು ಬರುವ ತಾಯಿಯ ಮುಖವನ್ನೂ ಫೋನಿನಲ್ಲಿ ಹೋಲಿಸಿ ನೋಡಬೇಕು ಅಂತ ಕಡ್ಡಾಯ ಮಾಡಿದರು. ತಾಯಿ ಕಳ್ಳಿಯೋ ಏನೋ ಅಂತ ಅನುಮಾನಿಸುವುದಕ್ಕೆ ಯಂತ್ರವುಂಟು, ಮಗುವನ್ನು ತೂಗುವ ಯಂತ್ರದ ರಿಪೇರಿಗೆ ಗತಿಯಿಲ್ಲ.

ಹೊರಗಿನವರು ತಮ್ಮದೇ ಮಿಷನ್ನು ತಂದು ತೂಗಿದಾಗ ಗುಟ್ಟು ರಟ್ಟಾಗುತ್ತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2015-16ರಲ್ಲಿ ಅಳೆದಾಗ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 36.2 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 2019-21ರ ಸುತ್ತಿನಲ್ಲಿ ಅದು 35.4. ನೂರಕ್ಕೆ ಒಂದು ಮಗುವಿನಷ್ಟೂ ಇಳಿಯಲಿಲ್ಲ. ರಕ್ತಹೀನತೆಯಂತೂ 60.9ರಿಂದ 65.5ಕ್ಕೆ ಏರಿತು. ನಮ್ಮ ಕಾರ್ಡುಗಳಲ್ಲಿ ಮಾತ್ರ ಎಲ್ಲ ಹಸಿರೋ ಹಸಿರು.

ಇದು ಕೂಲಿಯವರ ಮಕ್ಕಳ ಸಮಾಚಾರ, ಬೆಲೆಯ ಪತ್ರಿಕೆಯಲ್ಲಿ ಇದೇಕೆ ಅಂತ ಕೆಲವರು ಮೂಗು ಮುರಿಯಬಹುದು. ನಾಕು ಎಕರೆ ಇದ್ದವನು ಮಗುವನ್ನು ಪಟ್ಟಣದ ಕಾನ್ವೆಂಟಿನ ವ್ಯಾನು ಹತ್ತಿಸುತ್ತಾನೆ, ಅಂಗನವಾಡಿ ಕಡೆ ತಲೆ ಹಾಕಲ್ಲ. ಸಂಘದ ಸಭೆಯಲ್ಲಿ ವೈಜ್ಞಾನಿಕ ಬೆಲೆ ಅಂತ ಕೂಗುವ ನಾವೇ ಹೀಗೆ. ಆದರೆ ಸೊಸೈಟಿ ಸಾಲ ಬಿಟ್ಟು ಐದು ರೂಪಾಯಿ ಬಡ್ಡಿಯ ಕೈಸಾಲ ಯಾತಕ್ಕೆ ಮಾಡಿದಿರಿ, ಎದೆ ಮುಟ್ಟಿಕೊಂಡು ಹೇಳಿ. ಗೊಬ್ಬರಕ್ಕೆಷ್ಟು, ಆಸ್ಪತ್ರೆಗೆಷ್ಟು? ಸೊರಗಿದ ಮಗು ಸೀತಕ್ಕೂ ಹಾಸಿಗೆ ಹಿಡಿಯುತ್ತೆ. ನನ್ನ ಮೊಮ್ಮಗಳ ಒಂದು ವಾಂತಿಭೇದಿಗೆ ಒಂದು ಕುರಿ ಹೋಯಿತು.

ಹಾಗಾದರೆ ಮಾಡಬೇಕಾದ್ದೇನು? ಕಾನೂನು ಇದೆ, ಸ್ವಾಮಿ. 2013ರ ಆಹಾರ ಭದ್ರತಾ ಕಾಯ್ದೆಯ 28ನೇ ಕಲಮಿನಂತೆ ಪಡಿತರ ಅಂಗಡಿಯಷ್ಟೇ ಅಲ್ಲ, ಈ ಕಾಯ್ದೆಗೆ ಸೇರಿದ ಬೇರೆ ಯೋಜನೆಗಳನ್ನೂ ಸ್ಥಳೀಯ ಸಂಸ್ಥೆ ಆಗಾಗ ಸಾಮಾಜಿಕ ಪರಿಶೋಧನೆ ಮಾಡಿಸಿ ಜನರ ಮುಂದೆ ಇಡಬೇಕು. ಆಹಾರ ತಪ್ಪಿದರೆ ಅದರ ಬದಲು ಭತ್ಯೆ ಕೊಡಬೇಕು ಅಂತ 8ನೇ ಕಲಮು ಹೇಳುತ್ತೆ. ನಿಮ್ಮ ಪಂಚಾಯ್ತಿಯಲ್ಲಿ ಆ ಭತ್ಯೆ ಪಡೆದ ತಾಯಿ ಒಬ್ಬಳಿದ್ದರೆ ನನಗೆ ಕಾರ್ಡು ಬರೆಯಿರಿ.

ವ್ಯಾಪಾರಿಯ ತಕ್ಕಡಿಗೆ ಸರ್ಕಾರಿ ಮುದ್ರೆ ಇಲ್ಲದಿದ್ದರೆ ದಂಡ ಹಾಕುತ್ತಾರೆ. ಅಂಗನವಾಡಿಯ ತೂಕದ ಮಿಷನ್ನು ಸರಿಯಿದೆ ಅಂತ ಯಾರು ನೋಡಿದ್ದಾರೆ? ತಿಂಗಳಿಗೊಂದು ದಿನ ಗೊತ್ತು ಮಾಡಿ, ತಾಯಂದಿರ ಎದುರಿಗೆ, ಬಾಲವಿಕಾಸ ಸಮಿತಿಯವರ ಎದುರಿಗೆ ತೂಗಲಿ. ಸೊಸೈಟಿಯಿಂದ ಐದು ಕೆಜಿ ಬಟ್ಟು ತಂದಿಟ್ಟು ಮೊದಲು ಮಿಷನ್ನನ್ನೇ ಪರೀಕ್ಷೆ ಮಾಡೋಣ. ವರ್ಷಕ್ಕೆ 300 ದಿನ ಆಹಾರ ಕೊಡಬೇಕು ಅಂತ ನಿಯಮವಿದೆ. ಎಷ್ಟು ದಿನ ಒಲೆ ಉರಿಯಿತು ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಲಿ. ಮಕ್ಕಳ ಹೆಸರು ಮಾತ್ರ ಬರೆಯಬೇಡಿ, ತಾಯಂದಿರು ನಾಚುತ್ತಾರೆ. ಹಸಿರು ಎಷ್ಟು, ಹಳದಿ ಎಷ್ಟು, ಕಿತ್ತಳೆ ಎಷ್ಟು ಅಂದರೆ ಸಾಕು. ಹಳದಿ ಜಾಸ್ತಿಯಾಯ್ತು ಅಂತ ಟೀಚರಮ್ಮನಿಗೆ ನೋಟಿಸು ಕೊಟ್ಟರೆ ಸಂಘ ಆಕೆಯ ಬೆನ್ನಿಗೆ ನಿಲ್ಲಬೇಕು. ನಿಲ್ಲದಿದ್ದರೆ ಮುಂದಿನ ತಿಂಗಳು ಮತ್ತೆ ಎಲ್ಲರಿಗೂ ಇನ್ನೂರು ಗ್ರಾಂ.

ಮುಂದಿನ ಗ್ರಾಮಸಭೆಗೆ ನಮ್ಮೂರವರು ಇದನ್ನು ಬರೆದುಕೊಂಡು ಹೋಗುತ್ತಿದ್ದೇವೆ. ಬಾಯಿಮಾತಿನಲ್ಲಿ ಆಗಲಿ ಅಂದರೆ ಒಪ್ಪಲ್ಲ, ನಡಾವಳಿ ಪುಸ್ತಕದಲ್ಲಿ ಠರಾವು ಏರಿ, ಅದರ ನಕಲು ಕೈಗೆ ಬಂದ ಮೇಲೇ ಏಳುವುದು.