ಕೊನೆಯ ಸ್ಥಾನದ ಮೇಷ್ಟ್ರು

ಮಕ್ಕಳೇ, ಐಸ್ ಹಾಕಿಯಲ್ಲಿ ಚೆಂಡಿಲ್ಲ. ಮಂಜುಗಡ್ಡೆಯ ಮೇಲೆ ಜಾರುವ ಪಕ್ ಎಂಬ ರಬ್ಬರ್ ಬಿಲ್ಲೆ ಇರುತ್ತದೆ. ಕೆನಡಾದ ಜೇರೆಡ್ ಬೆಡ್ನಾರ್ ಊರೂರು ಅಲೆದು, ಸಣ್ಣ ಲೀಗ್‌ಗಳಲ್ಲೇ ಈ ಆಟ ಆಡಿದವರು. ಎಲ್ಲಕ್ಕಿಂತ ದೊಡ್ಡದಾದ ಎನ್‌ಎಚ್‌ಎಲ್‌ನಲ್ಲಿ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ. ಆಮೇಲೆ ತರಬೇತುದಾರರಾದರು. ತಾವು ಆಡಿದ್ದ ಸೌತ್ ಕೆರೊಲಿನಾ ತಂಡಕ್ಕೇ 2009ರಲ್ಲಿ ಕಪ್ ಗೆಲ್ಲಿಸಿಕೊಟ್ಟರು.

2016ರಲ್ಲಿ ಎನ್‌ಎಚ್‌ಎಲ್‌ನ ಕೊಲರಾಡೊ ತಂಡ ಕರೆಯಿತು. ಮೊದಲ ವರ್ಷ 82 ಪಂದ್ಯಗಳಲ್ಲಿ ಗೆದ್ದದ್ದು ಬರೀ 22. ಲೀಗಿನಲ್ಲೇ ಕೊನೆಯ ಸ್ಥಾನ! ಆದರೂ ತಂಡ ಅವರನ್ನು ಕೈಬಿಡಲಿಲ್ಲ. 2022ರಲ್ಲಿ ಅದೇ ತಂಡ ಸ್ಟಾನ್ಲಿ ಕಪ್ ಗೆದ್ದಿತು.

ನನಗೆ ಹಿಡಿಸಿದ್ದು ಕಪ್ಪಿಗಿಂತ ಆ ಕೈಬಿಡದ ವರ್ಷ. ಅಜ್ಜ-ಅಜ್ಜಿಯರೇ, ಮೊಮ್ಮಗು ಸೋತು ಬಂದ ಸಂಜೆ ಸ್ಕೋರ್ ಕೇಳಬೇಡಿ, “ನಾಳೆ ಮತ್ತೆ ಆಡ್ತೀಯಲ್ಲ?” ಎಂದು ಕೇಳಿ.